ಗ್ವಾಡಿ ನಮ್ದಲ್ಲ

ನಮ್ಮ ಸಣ್ಣ ಪಕ್ಷದ ಕಾರ್ಯದರ್ಶಿಗೆ ಒಂದು ಹಟವಿತ್ತು. ಚುನಾವಣೆಗೆ ಬಾರ್ಕೂರಿನ ಯಾವ ಗೋಡೆಯ ಮೇಲೆ ಚಿಹ್ನೆ ಬರೆಯುವುದಿದ್ದರೂ ಮೊದಲು ಅಂಗಳದಲ್ಲಿ ಚಪ್ಪಲಿ ಕಳಚಿ ಮನೆಯವರ ಒಪ್ಪಿಗೆ ಕೇಳಬೇಕು. ನಾವು ಅವಸರ ಮಾಡಿದರೆ, "ಗ್ವಾಡಿ ನಮ್ದಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ಕಳೆದ ಚುನಾವಣೆಯಲ್ಲಿ, ನಮ್ಮ ಅಭ್ಯರ್ಥಿಯನ್ನು ಹಿಂದೆ ಸರಿಸಿ ದೊಡ್ಡ ಪಕ್ಷವನ್ನು ಬೆಂಬಲಿಸುವ ಮಾತು ಸಭೆಯಲ್ಲಿ ಬಂತು. ಗೆಲ್ಲುವವರ ಜೊತೆಗಿದ್ದರೆ ಗದ್ದೆಗೆ ಉಪ್ಪುನೀರು ನುಗ್ಗದಂತೆ ಒಂದು ಕಿಂಡಿ ಅಣೆಕಟ್ಟಾದರೂ ಆದೀತೆಂದು ನಾನೂ ಕೈ ಎತ್ತಿದೆ. ಬೇಡ ಎಂದವರು ಕಾರ್ಯದರ್ಶಿಯೊಬ್ಬರೇ.

ಮರುದಿನ ಒಂದು ಮನೆಯ ಗೋಡೆಯೆದುರು ಸುಣ್ಣದ ಬಾಲ್ದಿ ಹಿಡಿದು ನಮ್ಮ ಚಿಹ್ನೆ ಅಳಿಸುತ್ತಿದ್ದವರೂ ಅವರೇ! ನನಗೆ ಕುತೂಹಲ ತಡೆಯಲಾಗಲಿಲ್ಲ.

"ಹ್ವಾಯ್, ಬ್ಯಾಡ ಅಂದವ್ರೇ ಅಳ್ಸುದಾ?"

"ಸಭೆ ತೀರ್ಮಾನ ಅಲ್ದಾ? ಅಳ್ಸ್ಕ್."

ಅಲ್ಲಿ ದೊಡ್ಡ ಪಕ್ಷದ ಚಿಹ್ನೆ ಬರೆಯಲು ಬಣ್ಣ ತಂದಿದ್ದೆವು. ನಾವು ಕೇಳುವ ಮೊದಲೇ ಮನೆಯೊಡತಿ ಹೊರಬಂದು, "ನಾ ಗ್ವಾಡಿ ಕೊಟ್ಟದ್ ನಿಮ್ಮ ಪಕ್ಷಕ್ಕೆ. ಅವ್ರಿಗೆ ಕೊಡುದಿಲ್ಲ" ಎಂದರು.

ಕಾರ್ಯದರ್ಶಿ ಬಣ್ಣದ ಡಬ್ಬಿಯನ್ನು ಮೆಲ್ಲನೆ ನನ್ನ ಕೈಗಿಟ್ಟರು.

"ಸಭೆಲಿ ಕೈ ಎತ್ತಿದ್ದ್ ನೀವಲ್ದಾ? ಚಪ್ಲಿ ತೆಗ್ದ್ ಒಪ್ಪಿಗೆ ಕೇಣಿ."