ಬಿಸಿ ನೆಲದ ದ್ವೀಪ

ದೋಣಿಯ ಎಂಜಿನ್ ನಡುನೀರಿನಲ್ಲಿ ಕೆಟ್ಟು ನಿಲ್ಲಬಹುದಿತ್ತು. ಲೈಫ್ ಜಾಕೆಟ್ ನನ್ನ ಹೊಟ್ಟೆಗೆ ಸಾಲದೆ ಹೋಗಬಹುದಿತ್ತು. ಬಿಪಿ ಮಾತ್ರೆಯ ಡಬ್ಬಿ ಸಮುದ್ರಕ್ಕೆ ಬೀಳಬಹುದಿತ್ತು. ಎಷ್ಟೋ ವರ್ಷಗಳಿಂದ ತನ್ನ ಪಾಡಿಗೆ ಹೊಗೆಯಾಡುತ್ತಿದ್ದ ಜ್ವಾಲಾಮುಖಿ, ಜಯನಗರದಿಂದ ನಾನು ಬಂದಿದ್ದೇನೆಂದು ತಿಳಿದು ಇವತ್ತೇ ಸಿಡಿಯಬಹುದಿತ್ತು.

ಯಾವುದೂ ಆಗಲಿಲ್ಲ. ಇಂಡೋನೇಷ್ಯಾದ ಈ ಜನವಿಲ್ಲದ ದ್ವೀಪದಲ್ಲಿ ನಮ್ಮ ಬೆಂಗಳೂರಿನ ತಂಡ ಸುಖವಾಗಿ ಇಳಿಯಿತು.

ಇದನ್ನು ನೋಡುವ ಆಸೆ ನನ್ನದಲ್ಲ, ಹೆಂಡತಿ ಸುಧಾಳದು. ಮಂಡಿ ಆಪರೇಷನ್ ಆಗಿ ಅವಳು ಮನೆಯಲ್ಲೇ ಉಳಿಯಬೇಕಾಯಿತು. "ನೀವಾದ್ರೂ ನೋಡ್ಕೊಂಡ್ ಬನ್ರೀ. ಬಂದು ನಂಗೆ ಒಂದೂ ಬಿಡದೆ ಹೇಳ್ಬೇಕು. ನಿಮ್ಮ ಭಯ ಒಂದ್ ಬಿಟ್ಟು," ಎಂದಿದ್ದಳು. ಹಾಗಾಗಿ ಇಡೀ ದಿನ ಅವಳಿಗೆ ಹೇಳಲೆಂದೇ ನೋಡಿದೆ. ದೋಸೆ ಕಾವಲಿಯಂಥ ಕಪ್ಪು ಮರಳು. ಶೂ ಹಾಕಿದ್ದರೂ ಅಂಗಾಲಿಗೆ ತಾಕುವ ನೆಲದ ಬಿಸಿ. ಹಬೆ ಉಗುಳುವ ಬಿರುಕಿನ ಪಕ್ಕದಲ್ಲೇ ಹಾಯಾಗಿ ಬೆಳೆದಿದ್ದ ಒಂದು ಹಸಿರು ಜರೀಗಿಡ.

ಕೊನೆಯ ಏರು ಕಡಿದಾಗಿತ್ತು. ನಾನು ಮೊದಲು ಹತ್ತಿ, ಹಿಂದಿರುಗಿ ನೋಡದೆ ಕೈ ಚಾಚಿದೆ. ಮದುವೆಯಾದಾಗಿನಿಂದ ಯಾವ ಬೆಟ್ಟ ಹತ್ತಿದರೂ ಹೀಗೆಯೇ. ಒಂದು ಕೈ ಬಂದು ಗಟ್ಟಿಯಾಗಿ ಹಿಡಿದುಕೊಂಡಿತು. ಒರಟಾಗಿತ್ತು, ಬೆವರಿತ್ತು.

"ದೇವ್ರು ಬಂದಂಗ್ ಬಂದ್ರಿ ಸಾರ್," ಎಂದು ಏದುಸಿರು ಬಿಡುತ್ತ ಮೇಲೆ ಬಂದವರು ನಮ್ಮ ತಂಡದ ಪುಟ್ಟೇನಹಳ್ಳಿಯ ರುದ್ರಪ್ಪನವರು.

ಇಡೀ ದಿನದಲ್ಲಿ ಎಡವಟ್ಟಾದದ್ದು ಇಷ್ಟೇ. ಹೊಗೆ ನೋಡುತ್ತ ಇಬ್ಬರೂ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಅವರೇ ಮೆಲ್ಲಗೆ ಹೇಳಿದರು: "ಸಾರ್, ಕೈ ಬಿಡಿ. ಫೋಟೊ ತೆಗೀಬೇಕು."