ಬೋಧಕರಿಗೆ ಗಾಳ ಕಲಿಸಿದ ವೈನೆಲ್

ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ಮೇಲೆ ವೈನೆಲ್ ಸ್ಟೇಪ್ಲರ್ ಆಸೆಪಟ್ಟು ಒಲೆಯ ಮೇಲಿಡುತ್ತಿದ್ದದ್ದು ಒಂದನ್ನೇ: ಗಾಳಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಹುಳ. ಬಾಸ್ ಮೀನು ಕಚ್ಚಿ ಹರಿದ ಹಳೆಯ ಹುಳಗಳನ್ನು ಅವಳು ಎಸೆಯುತ್ತಿರಲಿಲ್ಲ. ಕಾಫಿ ಡಬ್ಬಿಯಲ್ಲಿ ಕೂಡಿಟ್ಟು, ಕರಗಿಸಿ, ಅಚ್ಚಿಗೆ ಹೊಯ್ದು, ಗೇಣುದ್ದದ ಮೆತ್ತನೆಯ ಹೊಸ ಹುಳ ಮಾಡುತ್ತಿದ್ದಳು. ಎಲ್ಲ ಬಣ್ಣವೂ ಬೆರೆತು ಕೊನೆಗೆ ಕೊಳೆತ ದ್ರಾಕ್ಷಿಯ ಬಣ್ಣ ಬರುತ್ತಿತ್ತು. ಆ ವಾಸನೆಗೆ ಗಂಡ ಡಾಯ್ಸ್ ರೇಡಿಯೋ ಎತ್ತಿಕೊಂಡು ಜಗಲಿಗೆ ನಡೆಯುತ್ತಿದ್ದ.

"ನನ್ನ ಮೊಟ್ಟೆ ಮೇಲೆ ಇಷ್ಟು ಗಮನ ಇಟ್ಟಿದ್ರೆ ಅದು ಸೀದು ಹೋಗ್ತಿರ್ಲಿಲ್ಲ," ಎಂದು ಅಲ್ಲಿಂದಲೇ ಕೂಗುತ್ತಿದ್ದ.

"ಮೀನು ಬಾಯ್ಮುಚ್ಕೊಂಡು ತಿನ್ನುತ್ತೆ. ನೀನೂ ಹಾಗೇ ತಿನ್ನು, ಆಮೇಲೆ ನೋಡೋಣ."

ಅಲಬಾಮಾದ ಆ ಕೆರೆಯಲ್ಲಿ ದೊಡ್ಡ ಮೋಟಾರು ದೋಣಿಯವರೆಲ್ಲ ನಡುನೀರಿಗೆ ಧಾವಿಸಿದರೆ, ವೈನೆಲ್ ತನ್ನ ಚಪ್ಪಟೆ ತಳದ ದೋಣಿಯನ್ನು ಮೊಣಕಾಲುದ್ದದ ನೀರಿನಲ್ಲೇ ನಿಲ್ಲಿಸುತ್ತಿದ್ದಳು. ವಸಂತದಲ್ಲಿ ಬಾಸ್ ಮೊಟ್ಟೆಯಿಡಲು ಬರುವುದು ದಡಕ್ಕೇ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಹಿಡಿದು, ನೋಡಿ, ಬಿಟ್ಟ ಮೀನಿನ ಸುದ್ದಿ ಚರ್ಚಿನವರೆಗೂ ಹೋಯಿತು. ಒಂದು ಭಾನುವಾರ ಬೋಧಕ ಲೈಲ್ ಪೆಂಡರ್‌ಗ್ರಾಸ್ ಅವಳ ಕೈ ಕುಲುಕಿದವರು ಕೈ ಬಿಡಲೇ ಇಲ್ಲ.

"ಸಿಸ್ಟರ್ ವೈನೆಲ್, ನನಗೂ ಸ್ವಲ್ಪ ಕಲಿಸಿಕೊಡಿ."

ಒಹಾಯೋದಿಂದ ಬಂದು ಎರಡು ವರ್ಷವಾಗಿದ್ದ ಆ ಮನುಷ್ಯ ಒಳ್ಳೆಯವರೇ. ಕಾಯಿಲೆ ಬಿದ್ದವರ ಮನೆಗೆ ಕರೆಯದೆಯೇ ಬರುತ್ತಿದ್ದರು. ಕಷ್ಟ ಎರಡೇ. ಒಂದು, ಸುಮ್ಮನಿರಲು ಬಾರದು. ಅವರು ಪ್ರಾರ್ಥನೆ ಮುಗಿಸುವಷ್ಟರಲ್ಲಿ ಹುರಿದ ಕೋಳಿ ತಣ್ಣಗಾಗುತ್ತಿತ್ತು. ಇನ್ನೊಂದು, ತಲೆಗೂದಲು. ಐವತ್ಮೂರರ ವಯಸ್ಸಿಗೆ ಅದು ಕಡುಗಂದು ಬಣ್ಣದಲ್ಲಿ ಹೊಳೆಯುತ್ತಿತ್ತು. ಬಿರುಗಾಳಿ ಬೀಸಿದರೂ ಅಲುಗುತ್ತಿರಲಿಲ್ಲ. ಅದರ ಗುಟ್ಟು ಊರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಇಬ್ಬರೂ ನೈದಿಲೆ ಎಲೆಗಳ ನಡುವೆ ಕೂತರು. ಗಾಳದ ಮೊನೆಯನ್ನು ಹುಳದೊಳಗೇ ಹುದುಗಿಸಿಟ್ಟು ವೈನೆಲ್ ಹೇಳಿದಳು:

"ಹೀಗಿದ್ರೆ ಕಳೆಗೆ ಸಿಕ್ಕಲ್ಲ. ಮೀನು ಬಾಯಿಗೆ ತಗೊಂಡಾಗ ದಾರ ಟಕ್ ಟಕ್ ಅನ್ನುತ್ತೆ. ಆಗ್ಲೇ ಎಳೀಬೇಡಿ. ಅದರ ಊಟಕ್ಕೆ ಒಂದು ಚಿಕ್ಕ ಪ್ರಾರ್ಥನೆ ಹೇಳಿ, ಆಮೇಲೆ ಎಳೀರಿ."

ಮೊದಲ ಸಲ ದಾರ ಅಲುಗಿದಾಗ ಬೋಧಕರು ಗಾಬರಿಯಿಂದ ಆಗಲೇ ಎಳೆದರು. ಹುಳ ಹಾರಿ ಬಂದು ವೈನೆಲ್‌ಳ ಬೇಯಿಸಿದ ಕಡಲೆಕಾಯಿಯ ಚೀಲಕ್ಕೆ ಬಿತ್ತು. ಎರಡನೆಯ ಸಲ ಕಣ್ಣುಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಮೀನಿನಿಂದ ತೊಡಗಿ ಕೆರೆ, ಮಳೆ, ರಾಜ್ಯಪಾಲರು, ಪರದೇಶದಲ್ಲಿರುವ ಸೈನಿಕರು, ಹೀಗೆ ಸಾಗಿತು. ವೈನೆಲ್ ಮೂರು ಕಡಲೆಕಾಯಿ ಸುಲಿದು ತಿಂದಳು.

"ಬ್ರದರ್, ಮೀನು ಉಗಿದು ಹೋಗಿ ಬಹಳ ಹೊತ್ತಾಯ್ತು."

"ಪ್ರಾರ್ಥನೇನ ಅರ್ಧಕ್ಕೆ ಬಿಡೋದು ಹೇಗೆ ಸಿಸ್ಟರ್?"

"ಹಾಗಾದ್ರೆ ಚಿಕ್ಕದನ್ನ ಶುರು ಮಾಡಿ."

ಮೂರನೆಯ ಸಲ ಅವರು ಹಟ ಹಿಡಿದು ಗಾಳದ ಕೋಲನ್ನು ಬೆನ್ನಹಿಂದಕ್ಕೆ ಒಯ್ದು ಜೋರಾಗಿ ಬೀಸಿದರು. ಹುಳ ತಲೆಯ ಮೇಲಿಂದ ಹಾದುಹೋಗುವಾಗ ಗಾಳದ ಮೊನೆ ಹೊರಬಂದು ಕೂದಲಿಗೆ ಸಿಕ್ಕಿತು. ಹುಳದ ಜೊತೆ ಕೂದಲೂ ಇಡಿಯಾಗಿ ಕಳಚಿ ಹಾರಿ ನೈದಿಲೆಗಳ ನಡುವೆ ಮೆಲ್ಲಗೆ ಇಳಿಯಿತು. ಬೋಧಕರ ಬೋಳುತಲೆಗೆ ಬಿಸಿಲು ಬಿತ್ತು. ಅವರು ಎರಡು ವರ್ಷದಲ್ಲಿ ಮೊದಲ ಬಾರಿಗೆ ಬಾಯಿ ಕಟ್ಟಿ ಕೂತಿದ್ದರು.

ವೈನೆಲ್‌ಗೆ ನಗು ಗಂಟಲಿಗೆ ಬಂತು. ಅವರ ಮುಖ ನೋಡಿ ನುಂಗಿಕೊಂಡಳು. ಏನಾದರೂ ಸಮಾಧಾನ ಹೇಳಬೇಕು ಎನ್ನುವಷ್ಟರಲ್ಲಿ ತೇಲುತ್ತಿದ್ದ ಕೂದಲಿನ ಕೆಳಗೆ ನೀರು ಉಬ್ಬಿತು. ಬಕೆಟ್ಟಿನಷ್ಟು ದೊಡ್ಡ ಬಾಯೊಂದು ತೆರೆದು ಕೂದಲು ಕಾಣೆಯಾಯಿತು.

"ಎಳೀಬೇಡಿ," ಎಂದಳು ವೈನೆಲ್ ಪಿಸುದನಿಯಲ್ಲಿ. "ಈಗ ಹೇಳಿ, ಚಿಕ್ಕದು."

"ಕರ್ತನೇ, ವಾಪಸ್ ಕೊಡು," ಎಂದು ಬೋಧಕರು ಎಳೆದರು.

ಹತ್ತು ನಿಮಿಷ ದೋಣಿ ತೊಟ್ಟಿಲಿನಂತೆ ತೂಗಿತು. ಕೊನೆಗೆ ವೈನೆಲ್ ಕೆಳದವಡೆಗೆ ಹೆಬ್ಬೆರಳು ಹಾಕಿ ಎತ್ತಿದಾಗ ಆ ಬಾಸ್ ಆರು ಪೌಂಡಿಗೆ ಕಡಿಮೆಯಿರಲಿಲ್ಲ. ಮೀಸೆ ಬಿಟ್ಟ ಸಾಹುಕಾರನ ಹಾಗೆ ಅದರ ಬಾಯಿಯ ಎರಡೂ ಕಡೆ ಕೂದಲು ಇಳಿಬಿದ್ದಿತ್ತು. ಮೀನನ್ನು ನೀರಿಗೆ ಬಿಟ್ಟಳು. ಕೂದಲನ್ನು ಹಿಂಡಿ ಬೋಧಕರ ಕೈಗಿಟ್ಟಳು. ಅದು ತಲೆಗೆ ಹಾಕಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

"ಯಾರಿಗೂ ಹೇಳ್ಬೇಡಿ ಸಿಸ್ಟರ್. ಜನ ಏನಂದ್ಕೋತಾರೆ?"

"ಏನಂದ್ಕೋಬೇಕೋ ಅದನ್ನ ಅಂದ್ಕೊಂಡು ಎರಡು ವರ್ಷ ಆಯ್ತು ಬ್ರದರ್. ಎಲ್ರಿಗೂ ಗೊತ್ತಾಗಿದೆ ಅನ್ನೋದು ಗೊತ್ತಿಲ್ದೇ ಇರೋರು ನೀವೊಬ್ರೇ."

ಬೋಧಕರು ಬೋಳುತಲೆ ಸವರಿಕೊಂಡರು. "ಡಾಯ್ಸ್‌ಗೂ ಗೊತ್ತಾ?"

"ಅವನಿಗೆ ಅದನ್ನ ಕೊಂಡ ಅಂಗಡಿ ಹೆಸರೂ ಗೊತ್ತು."

ಆಗ ಬೋಧಕರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ವೈನೆಲ್ ಅಷ್ಟು ಹೊತ್ತು ನುಂಗಿಟ್ಟಿದ್ದದ್ದನ್ನೂ ಹೊರಬಿಟ್ಟಳು. ನಡುನೀರಿನ ದೋಣಿಯವರು ತಿರುಗಿ ನೋಡಿದರು.

ಭಾನುವಾರ ಅವರು ಬೋಳುತಲೆಯಲ್ಲೇ ವೇದಿಕೆ ಹತ್ತಿದರು. ಯಾರೂ ಏನೂ ಅನ್ನಲಿಲ್ಲ. ಹಿಂದಿನ ಸಾಲಿನ ಮುದುಕಿಯೊಬ್ಬಳು ಮಾತ್ರ ಹೊಸ ಬೋಧಕರು ಚೆನ್ನಾಗಿದ್ದಾರೆ ಎಂದಳಂತೆ.

ಮುಂದಿನ ಮಂಗಳವಾರ ಬಿಸಿಲು ಕಡುವಾಗಿತ್ತು. ವೈನೆಲ್ ಬಿಸಿಲಿಗೆ ಹಚ್ಚುವ ಕ್ರೀಮಿನ ಟ್ಯೂಬನ್ನು ಬೋಧಕರತ್ತ ಚಾಚಿದಳು.

"ಮುಖ ಎಲ್ಲಿಗೆ ಮುಗಿಯುತ್ತೆ ಅಂತ ನನಗೆ ಗೊತ್ತಾಗ್ತಿಲ್ಲ ಬ್ರದರ್, ನೀವೇ ಹಚ್ಕೊಳ್ಳಿ," ಎಂದು ದೋಣಿಯನ್ನು ಜೊಂಡಿನ ಕಡೆಗೆ ತಳ್ಳಿದಳು.