ಅಥೆನ್ಸಿನ ಮುದುಕನೂ ಕೆಳಮನೆಯ ಆಪಾನೂ

ಹೋದ ವಾರ ಇಂದಿರಾನಗರದ ಹೋಟೆಲೊಂದರಲ್ಲಿ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಊಟವಿತ್ತು. ಮೇಜಿನ ಮೇಲೆ ಸಣ್ಣ ಬಟ್ಟಲಲ್ಲಿ ಆಲಿವ್ ಕಾಯಿ ತಂದಿಟ್ಟರು. ಉಪ್ಪುನೀರಲ್ಲಿ ನೆನೆದ ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡೆ. ಪಕ್ಕದಲ್ಲಿದ್ದವರು "ಖಾರ ಏನಾದ್ರೂ ತಿಂದ್ರಾ ಮೇಡಂ?" ಎಂದರು. ಹೂಂ ಎಂದೆ. ಇನ್ನೇನು ಹೇಳಲಿ, ಎಲ್ಲಿಂದ ಶುರು ಮಾಡಲಿ...

ಕೆಲವು ವರ್ಷಗಳ ಹಿಂದೆ ನಾನು ಪುಲಿಕೇಶಿನಗರದ ಒಂದು ಹಳೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಬೆಳಿಗ್ಗೆ ನರ್ಸರಿ ಶಾಲೆಯಲ್ಲಿ ಕೆಲಸ, ಮಧ್ಯಾಹ್ನ ಬಿಡುವು. ದೂರಶಿಕ್ಷಣದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಕಟ್ಟಿದ್ದೆ. ಕೆಳಗೆ ಮನೆ ಮಾಲೀಕರ ಸಂಸಾರ. ಅವರಿಗೆ ರಸೆಲ್ ಮಾರುಕಟ್ಟೆಯ ಹತ್ತಿರ ಒಣಹಣ್ಣಿನ ಅಂಗಡಿ. ಅವರ ಹೆಂಡತಿಯನ್ನು ಬೀದಿಯವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು; ನಾನೂ ಹಾಗೇ ಕರೆದೆ. ಮದುವೆಗೆ ಮೊದಲೇ ಬಿ.ಎ. ಮುಗಿಸಿದ್ದವರು. ನನ್ನ ಪುಸ್ತಕದ ಕಟ್ಟು ನೋಡಿ, ಮಕ್ಕಳೂ ದೊಡ್ಡವರಾಗಿದ್ದಾರಲ್ಲ ಎಂದು ತಾವೂ ಅದೇ ಎಂ.ಎ.ಗೆ ಸೇರಿಬಿಟ್ಟರು.

ಮೊದಲ ಪತ್ರಿಕೆಯೇ ಪ್ರಾಚೀನ ಗ್ರೀಕರ ರಾಜಕೀಯ ಚಿಂತನೆ. ಮಧ್ಯಾಹ್ನ ಮನೆಯವರೆಲ್ಲ ಉಂಡು ಮಲಗಿದ ಮೇಲೆ ಅವರ ಅಡುಗೆಮನೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಆಪಾ ಕನ್ನಡ ಮಾತಾಡುವುದರಲ್ಲಿ ಜೋರು, ಓದುವುದು ಮಾತ್ರ ನಿಧಾನ. ಹಾಗಾಗಿ ನಾನು ನನ್ನ ಕನ್ನಡ ನೋಟ್ಸನ್ನು ಗಟ್ಟಿಯಾಗಿ ಓದಬೇಕು, ಅವರು ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಅದೇ ವಿಷಯ ಹುಡುಕಿ ಓದಬೇಕು, ಆಮೇಲೆ ಜಗಳ. ಓದಿಗಿಂತ ಜಗಳವೇ ಜಾಸ್ತಿ. ಆದರ್ಶ ರಾಜ್ಯದಲ್ಲಿ ಆಳುವವರಿಗೆ ಸ್ವಂತ ಮನೆಯಿಲ್ಲ, ಎಲ್ಲರೂ ಒಟ್ಟಿಗೇ ಕೂತು ಉಣ್ಣಬೇಕು ಎಂದು ನಾನು ಓದಿದಾಗ ನಕ್ಕು ನಕ್ಕು ಸುಸ್ತಾದರು.

"ನಮ್ ಅತ್ತೆ ಮನೇಲಿ ಇಷ್ಟು ವರ್ಷ ಇದೇ ತಾನೆ ನಡೆದಿದ್ದು? ಯಾರಿಗೂ ಸ್ವಂತ ರೂಮಿಲ್ಲ, ಊಟಕ್ಕೆ ಹಾಸೋ ದಸ್ತರಖಾನೂ ಎಲ್ಲರಿಗೂ ಒಂದೇ. ಅದರಲ್ಲಿ ನ್ಯಾಯ, ಇನ್ಸಾಫ್ ಎಲ್ಲಿ ಬಂತು? ಕೊನೇಲಿ ತಳ ಕೆರೆದು ತಿಂದೋಳು ನಾನೇ!"

ಅಥೆನ್ಸಿನವರು ಆಲಿವ್ ತಿಂದೇ ಬದುಕಿದ್ದರಂತೆ ಎಂದು ಗಂಡನಿಗೆ ಹೇಳಿ ಒಂದು ಬಾಟಲಿ ತರಿಸಿದ್ದರು. ಇಬ್ಬರೂ ಒಂದೊಂದು ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದೆವು. ಕೆಟ್ಟುಹೋಗಿದೆ ಎಂದೇ ತಿಳಿದರೂ ಎಸೆಯಲು ಮನಸ್ಸಾಗದೆ ಆಪಾ ಅದನ್ನು ಮತ್ತೆ ಮತ್ತೆ ತೊಳೆದು, ನಿಂಬೆರಸ, ಬೆಳ್ಳುಳ್ಳಿ, ಖಾರದ ಪುಡಿ ಹಾಕಿ, ಒಗ್ಗರಣೆ ಕೊಟ್ಟು ಉಪ್ಪಿನಕಾಯಿ ಮಾಡಿದರು. ರುಚಿಯಾಗಿಯೇ ಇತ್ತು. "ಅವರಿಗೆ ಅಡುಗೆ ಬರ್ತಿರ್ಲಿಲ್ಲ, ಅದಕ್ಕೇ ಬೀದೀಲಿ ನಿಂತು ಅಷ್ಟು ಮಾತಾಡ್ತಿದ್ರು" ಎಂದು ತೀರ್ಪು ಕೊಟ್ಟರು.

ಆ ನಗು ನಿಂತದ್ದು ಜೈಲಿನ ಪಾಠ ಬಂದಾಗ. ಅಥೆನ್ಸಿನ ಒಬ್ಬ ಮುದುಕನಿಗೆ ಊರೇ ಸೇರಿ ಸಾವಿನ ಶಿಕ್ಷೆ ಕೊಟ್ಟಿದೆ. ಗೆಳೆಯ ಜೈಲಿಗೆ ಬಂದು, ಎಲ್ಲ ಏರ್ಪಾಡು ಮಾಡಿದ್ದೇನೆ, ತಪ್ಪಿಸಿಕೊಂಡು ಹೋಗು ಎನ್ನುತ್ತಾನೆ. ಈ ಊರಿನ ಕಾನೂನಿನ ಆಶ್ರಯದಲ್ಲೇ ಬೆಳೆದವನು ನಾನು, ಈಗ ನನಗೆ ಕಷ್ಟವಾಯಿತೆಂದು ಅದನ್ನು ಮುರಿಯಲಾರೆ ಎಂದು ಮುದುಕ ಅಲ್ಲೇ ಕೂರುತ್ತಾನೆ. ಓದುತ್ತಾ ನನಗೆ ಮೈ ಜುಮ್ಮೆಂದಿತು. ಆಪಾ ಪುಸ್ತಕ ಮುಚ್ಚಿದರು.

"ಹೆಂಡ್ತಿ ಇದ್ಲು, ಚಿಕ್ಕ ಮಕ್ಕಳಿದ್ರು. ಅವರನ್ನ ಒಂದು ಮಾತು ಕೇಳಿದ್ನಾ?"

ನನ್ನ ನೋಟ್ಸಿನಲ್ಲಿ ಹಾಗೇನೂ ಇಲ್ಲ ಎಂದೆ. "ಮತ್ತೆ ಅದೇನು ನ್ಯಾಯ?" ಎಂದು ಎದ್ದುಹೋಗಿ ಅಕ್ಕಿ ಆರಿಸತೊಡಗಿದರು. ಎಂದೋ ಸತ್ತವನ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪರೀಕ್ಷೆಗೆ ಮುಂಚೆಯೇ ಅವರಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಆಯಿತು, ಕೂದಲು ಉದುರಿತು, ಮತ್ತೆ ಚಿಗುರಿತು. ಅವರಿಲ್ಲದೆ ನಾನೊಬ್ಬಳೇ ಏನು ಬರೆಯುವುದು ಎಂದು ಪರೀಕ್ಷೆ ಮುಂದಕ್ಕೆ ಹಾಕಿದೆ. ಕಾಯಿಲೆ ಮರಳಿ ಬಂತು. ಇನ್ನೊಂದು ಸುತ್ತು ಔಷಧಿ ಕೊಟ್ಟು ನೋಡಬಹುದು, ಭರವಸೆ ಕೊಡಲಾರೆವು ಎಂದರು ಡಾಕ್ಟರು. ಸಾಕು, ಇನ್ನು ಆಸ್ಪತ್ರೆಗೆ ಬರುವುದಿಲ್ಲ ಎಂದುಬಿಟ್ಟರು ಆಪಾ.

ಒಂದು ಸಂಜೆ ಅವರ ಯಜಮಾನರು ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂದರು. ಸಂಕೋಚದ ಮನುಷ್ಯ, ಅದುವರೆಗೆ ನನ್ನ ಜೊತೆ ತಲೆಯೆತ್ತಿ ಮಾತಾಡಿದವರಲ್ಲ. "ನಮ್ಮ ಮಾತು ಯಾರದ್ದೂ ಕೇಳ್ತಿಲ್ಲಮ್ಮಾ. ನೀವು ಅವಳ ಜೊತೆ ಕಿತಾಬು ಓದಿದೋರು. ನೀವು ಒಂದ್ಸಲ ಹೇಳಿ ನೋಡಿ" ಎಂದವರು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒತ್ತಿಕೊಂಡರು.

ಹೋದೆ. ಆಪಾ ಕಿಟಕಿಯ ಪಕ್ಕ ಮಂಚದ ಮೇಲಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಅವರ ಮಾತನ್ನೇ ಅವರ ಮೇಲೆ ಎಸೆಯಬೇಕೆಂದು ತೀರ್ಮಾನಿಸಿಕೊಂಡೇ ಹೋಗಿದ್ದೆ.

"ಜೈಲಲ್ಲಿ ಕೂತ ಆ ಮುದುಕನಿಗೂ ನಿಮಗೂ ಏನು ವ್ಯತ್ಯಾಸ ಆಪಾ? ಗಂಡ, ಮಕ್ಕಳನ್ನ ಕೇಳಿದ್ರಾ ನೀವು?"

"ಕೇಳ್ದೆ. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸ್ಕೊಂಡು ಕೇಳ್ದೆ. ಎಲ್ಲರೂ ಔಷಧಿ ಬಿಡಬೇಡ ಅಂತ ಅತ್ರು. ನನ್ ಕೈಲಿ ಆಗಲ್ಲ ಅಂತ ಹೇಳ್ದೆ. ಆದ್ರೆ ಕೇಳ್ದೆ. ಅಷ್ಟೇ ಫರಕು." ಉಸಿರು ತೆಗೆದುಕೊಂಡು ನನ್ನತ್ತ ತಿರುಗಿದರು. "ಇನ್ನೇನಾದ್ರೂ ಇದ್ರೆ ಹೇಳು."

ಆ ಕಥೆಯಲ್ಲೂ ಮುದುಕ ಗೆಳೆಯನನ್ನು ಕೊನೆಗೆ ಹೀಗೆಯೇ ಕೇಳುತ್ತಾನೆ. ತನಗೆ ಇನ್ನೇನೂ ತೋಚುತ್ತಿಲ್ಲ ಎಂದು ಗೆಳೆಯ ಸುಮ್ಮನಾಗುತ್ತಾನೆ. ನನಗೆ ಆ ದೊಡ್ಡತನ ಬರಲಿಲ್ಲ. ಅವರ ಕೈ ಹಿಡಿದುಕೊಂಡು ಗೋಳೋ ಎಂದು ಅತ್ತೆ. "ನೀವು ಹೋದ್ರೆ ಮಧ್ಯಾಹ್ನ ನಾನು ಯಾರ ಹತ್ರ ಜಗಳ ಆಡ್ಲಿ?"

ಆಪಾ ನನ್ನ ಬೆರಳು ನೇವರಿಸಿದರು. "ಇದಕ್ಕೆ ಮಾತ್ರ ನನ್ ಹತ್ರ ಜವಾಬಿಲ್ಲ ಕಣಮ್ಮಾ" ಎಂದರು. ಜವಾಬಿಲ್ಲದಿದ್ದರೂ ನಿರ್ಧಾರ ಬದಲಾಗಲಿಲ್ಲ.

ರಂಜಾನ್ ಶುರುವಾಗುವ ಮೊದಲೇ, ಒಂದು ಮಧ್ಯಾಹ್ನ, ತಮ್ಮ ಮನೆಯಲ್ಲೇ ಹೋದರು. ಗಂಡಸರು ಹೆಗಲು ಕೊಟ್ಟು ಖಬರಸ್ತಾನಕ್ಕೆ ಹೊತ್ತೊಯ್ದರು. ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಅವರ ಮಗಳೂ ನಾನೂ ಗೇಟು ಹಿಡಿದು ನಿಂತಿದ್ದೆವು. ಜನ ಬೀದಿಯ ಕೊನೆಯಲ್ಲಿ ತಿರುಗಿಕೊಂಡರು, ಅಷ್ಟೇ...

ಮುಂದಿನ ಪರೀಕ್ಷೆಗೆ ಒಬ್ಬಳೇ ಹೋಗಿ ಕೂತೆ. ಮುದುಕ ಜೈಲಿನಿಂದ ಯಾಕೆ ತಪ್ಪಿಸಿಕೊಳ್ಳಲಿಲ್ಲ, ವಿವರಿಸಿ ಎಂಬ ಪ್ರಶ್ನೆ ಬಂದಿತ್ತು. ನೋಟ್ಸಿನಲ್ಲಿದ್ದ ಹಾಗೆ, ಅವನು ಮಾಡಿದ್ದೇ ಸರಿ ಎಂದು ಪುಟಗಟ್ಟಲೆ ಬರೆದೆ. ಒಳ್ಳೆಯ ಅಂಕವೇ ಬಂತು.

ಈಗ ಕೆ.ಆರ್. ಪುರದ ಕಾಲೇಜಿನಲ್ಲಿ ಅದೇ ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿಗಳೂ ಅವನೇ ಸರಿ ಎಂದು ಬರೆಯುತ್ತಾರೆ, ಕೆಂಪು ಪೆನ್ನಿನಲ್ಲಿ ಅಂಕ ಕೊಡುತ್ತೇನೆ. ಅವರು ಬರೆದದ್ದರಲ್ಲಿ ತಪ್ಪೇನೂ ಇರುವುದಿಲ್ಲ. ನಾನು ಮಾತ್ರ ಇನ್ನೂ ಒಪ್ಪಿಲ್ಲ, ಆಪಾ.